ಹೇಳಿ ಹೋಗು ಎಂದವರು

ಬಾಯಮ್ಮನ ಎಡಗಾಲು ಸದಾ ಊದಿಕೊಂಡಿರುತ್ತಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತು, ಕಳಚಿದ ಮೇಲೂ ಅದರ ಕೆಂಪು ಗೆರೆ ಸಂಜೆತನಕ ಉಳಿಯುತ್ತಿತ್ತು. ಗಲ್ಫಿನಲ್ಲಿ, ಜಿಂಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಮನೆ ಅವರದು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ನಾವು ಕರೆಯುವುದೇ ಬಾಯಮ್ಮ ಎಂದು. ವಿಧವೆ, ಮಗನ ಜೊತೆಗಿದ್ದರು. ನಾನೂ ಗಂಡನೂ ಡ್ಯೂಟಿಗೆ ಹೋದರೆ ನಮ್ಮ ಆರು ವರ್ಷದ ಮಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು.

ನಾವು ಹೊರಡುವುದನ್ನು ಕಂಡರೆ ಮಗಳಿಗೆ ಜೀವ ಬಾಯಿಗೆ ಬರುತ್ತಿತ್ತು, ತಿಂದದ್ದೆಲ್ಲ ವಾಂತಿ. ಅದಕ್ಕೇ ಅವಳು ಕಾರ್ಟೂನ್ ನೋಡುವಾಗ ಮೆಲ್ಲಗೆ ಜಾರಿಕೊಳ್ಳುತ್ತಿದ್ದೆವು. ಊರಿನಿಂದ ವಿಮಾನ ಹತ್ತುವಾಗಲೂ ಅಲ್ಲೇ ಬಿಟ್ಟುಬರುವ ಮಕ್ಕಳು ನಿದ್ದೆಯಲ್ಲಿದ್ದಾಗಲೇ ಮನೆ ಬಿಡುವ ಜನ ನಾವು. ಒಂದು ದಿನ ಬಾಯಮ್ಮ ಬಾಗಿಲಲ್ಲೇ ತಡೆದರು.

“ಎಂತ ಮಾರಾಯ್ತಿ, ಕಳ್ಳರ ಹಾಗೆ ಹೋಗುದು? ಹೇಳಿ ಹೋಗು. ಅತ್ರೆ ಅಳ್ಲಿ.”

ಮಗಳು ಅತ್ತಾಗ ಬಾಯಮ್ಮ ಬಿಸ್ಕತ್ತು ತೋರಿಸಿ ಮರೆಸುತ್ತಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, “ಹೆದರಿಕೆ ಇಲ್ಲಿ ಉಂಟಾ? ಇರ್ಲಿ. ಅದೂ ನಮ್ಮ ಒಟ್ಟಿಗೆ ಕೂತ್ಕೊಳ್ಳಲಿ,” ಎನ್ನುತ್ತಿದ್ದರು. ನನ್ನ ಮೀನು ಸಾರಿಗೆ ಹುಳಿ ಸಾಲದೆಂದು ಮೂಗು ಮುರಿಯುತ್ತಿದ್ದ ಹೆಂಗಸಿಗೆ ಅಷ್ಟು ತಾಳ್ಮೆ ಎಲ್ಲಿತ್ತೋ! ತಿಂಗಳೊಪ್ಪತ್ತಿನಲ್ಲಿ ವಾಂತಿ ನಿಂತಿತು.

ಒಮ್ಮೆ ಹೂರಾ ಪೇಟೆಗೆ ಹೋದವರು ಟ್ಯಾಕ್ಸಿ ಸಿಗದೆ ಆ ಕಾಲಿನಲ್ಲಿ, ಆ ಬಿಸಿಲಲ್ಲಿ ನಡೆದೇ ಬಂದರು. ನಾನು ರೇಗಿದೆ. “ಚಾಯದ ಹೊತ್ತಿಗೆ ಬರ್ತೇನೆ ಅಂತ ಮಗುವಿಗೆ ಹೇಳಿದ್ದೆ ಅಲ್ವಾ,” ಎಂದರು.

ಕಾಲಿನ ಆಪರೇಷನ್ನಿಗೆ ಊರಿಗೆ ಹೊರಟಾಗಲೂ ಹೇಳಿಯೇ ಹೊರಟರು. “ಕ್ರಿಸ್ಮಸ್‌ಗೆ ಬರ್ತೇನೆ ಪುಟ್ಟಾ. ಕುಸ್ವಾರ್ ತಿಂಡಿ ತರ್ತೇನೆ.” ಆಪರೇಷನ್ ಆಯಿತು. ಗಾಯಕ್ಕೆ ನಂಜೇರಿ, ಆಸ್ಪತ್ರೆಯಲ್ಲೇ ತೀರಿಕೊಂಡರು.

“ಪರೀಕ್ಷೆ ಮುಗಿಯಲಿ, ಈಗ ಹೇಳುದು ಬೇಡ,” ಎಂದರು ಗಂಡ. ಬೇರೆ ಯಾರ ಸಾವಾಗಿದ್ದರೂ ಮುಚ್ಚಿಡುತ್ತಿದ್ದೆ. ಬಾಯಮ್ಮನ ಸಾವನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ. ಹೇಳಿದೆ. ಮಗಳು ಅಳಲಿಲ್ಲ. “ಬಟ್ ಶಿ ಸೆಡ್ ಕ್ರಿಸ್ಮಸ್,” ಎಂದಳಷ್ಟೆ.

ವಾಂತಿ ಮರಳಿದೆ. ಶಿಫ್ಟ್ ಬದಲಿಸಿಕೊಂಡು ಗಂಡನೂ ನಾನೂ ಸರದಿಯಲ್ಲಿ ಮನೆಯಲ್ಲಿರುತ್ತೇವೆ. ಡಾಕ್ಟರು, ಕೌನ್ಸೆಲರು ಎಲ್ಲ ಆಯಿತು. ಹೊಟ್ಟೆಯ ಮೇಲೆ ನಾನು ಕೈಯಿಟ್ಟರೆ ಎತ್ತಿ ಪಕ್ಕಕ್ಕಿಡುತ್ತಾಳೆ. ಆ ಹೆಂಗಸು ನಮಗೆ ಕಟ್ಟಿಕೊಟ್ಟದ್ದು ಕಣ್ಣೆದುರೇ ಕುಸಿಯುತ್ತಿದೆ, ನನ್ನ ಕೈಲಿ ಏನೂ ಆಗುತ್ತಿಲ್ಲ.

ನಿನ್ನೆ ಡ್ಯೂಟಿಗೆ ಹೊರಡುತ್ತ, “ಸಂಜೆ ಬರ್ತೇನೆ ಮಗಾ,” ಎಂದೆ.

ಅವಳು ತಲೆಯೆತ್ತಲಿಲ್ಲ. “ಹೇಳ್ಬೇಡ ಅಮ್ಮ. ಸುಮ್ನೆ ಹೋಗು.”