ಪಶ್ಚಿಮಕ್ಕೆ ಹರಿಯುವ ಬೆಚ್ಚನೆಯ ನೀರು

ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ಆಫ್ರಿಕಾದಿಂದ ಬ್ರೆಜಿಲ್‌ಗೆ ಹೋಗುವಾಗ, ಸಮಭಾಜಕ ವೃತ್ತದ ಹತ್ತಿರ, ಒಂದು ಬೆಳಿಗ್ಗೆ ಅವನು ಹಡಗಿನಲ್ಲಿ ಇರಲಿಲ್ಲ. ಅತ್ತಿಗುಪ್ಪೆಯ ನಮ್ಮ ಮನೆಗೆ ಫೋನ್ ಮಾಡಿದ ಕಂಪನಿಯ ಅಧಿಕಾರಿ ಮಂಗಳೂರಿನವರು. ಅಲ್ಲಿ ವರ್ಷವಿಡೀ ಪೂರ್ವದಿಂದ ಗಾಳಿ ಬೀಸುತ್ತದೆ, ಮೇಲಿನ ನೀರನ್ನು ಪಶ್ಚಿಮಕ್ಕೆ ತಳ್ಳಿಕೊಂಡು ಹೋಗುತ್ತದೆ, ಬಿದ್ದವರು ಆ ಕಡೆಗೇ ತೇಲುತ್ತಾರೆ, ಅಲ್ಲೇ ಹುಡುಕುತ್ತಿದ್ದೇವೆ ಎಂದು ವಿವರಿಸಿದರು.

"ಗಾಬರಿ ಆಗ್ಬೇಡಿ, ಅಲ್ಲಿ ನೀರು ಬೆಚ್ಚಗೆ ಇರ್ತದೆ."

ಅಮ್ಮ ಅದೊಂದು ಮಾತನ್ನು ಹಿಡಿದುಕೊಂಡಳು. ಬಂದವರಿಗೆಲ್ಲ "ನೀರು ಬೆಚ್ಚಗಿದ್ಯಂತೆ, ಚಳಿ ಆಗಲ್ವಂತೆ" ಎನ್ನುತ್ತಿದ್ದಳು. ನನಗೆ ಭಯ ಹುಟ್ಟಿಸುತ್ತಿದ್ದುದೂ ಅದೇ ಮಾತು. ಕೊರೆಯುವ ನೀರಾದರೆ ಬೇಗ ಮುಗಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ಮನುಷ್ಯ ಎಷ್ಟು ಹೊತ್ತು ಎಚ್ಚರವಾಗಿರುತ್ತಾನೆ?

ಹುಡುಕಾಟ ನಿಲ್ಲಿಸಿದ ಮೇಲೂ ನನ್ನ ಮಗಳ ಅಟ್ಲಾಸಿನಲ್ಲಿ, ಪಶ್ಚಿಮಕ್ಕೆ ಹರಿಯುವ ಆ ನೀರನ್ನು ತೋರಿಸುವ ಕೆಂಪು ಬಾಣದ ಮೇಲೆ, ಅವನು ಇಲ್ಲಿಯವರೆಗೆ ತೇಲಿರಬಹುದು ಎಂದು ದಿನಕ್ಕೊಂದು ಪೆನ್ಸಿಲ್ ಚುಕ್ಕೆ ಇಡುತ್ತಿದ್ದೆ. ಬ್ರೆಜಿಲ್ ತೀರದ ಹತ್ತಿರ ಬಾಣ ಎರಡಾಗಿ ಒಡೆಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ತಿಳಿಯದೆ ಅಲ್ಲಿ ನಿಲ್ಲಿಸಿದೆ.

ಅಷ್ಟರಲ್ಲಿ ಸೋದರಮಾವ ಬಂದರು. "ಮೂರು ತಿಂಗಳಾಯ್ತು ಕಣೋ. ದರ್ಭೆಲಿ ಗೊಂಬೆ ಮಾಡಿ ಸುಟ್ಟು ಕರ್ಮ ಮುಗ್ಸು. ದೇಹ ಸಿಗ್ದೇ ಇದ್ದೋರಿಗೆ ಹಂಗೇ ಮಾಡೋದು."

"ಬದುಕಿದ್ರೆ, ಮಾವ?"

"ಬದುಕಿದ್ರೆ ಫೋನ್ ಮಾಡ್ತಿರ್ಲಿಲ್ವಾ? ಅಮ್ಮನ ಸಾರಲ್ಲಿ ಹುಳಿ ಜಾಸ್ತಿ ಅಂತ ಆಡ್ಕೊಳಕ್ಕಾದ್ರೂ ಮಾಡ್ತಿದ್ದ."

ಅಮ್ಮ ಸ್ವಲ್ಪ ನಕ್ಕಳು. ಒಪ್ಪಿದಳು. ನಾನೂ ತಲೆಯಾಡಿಸಿದೆ. ಆದರೆ ಎಲ್ಲೋ ಉಸಿರಾಡುತ್ತಿರುವವನಿಗೆ ಚಿತೆ ಹಚ್ಚಿದರೆ, ಆ ಕ್ಷಣವೇ ನಾನು ಅವನನ್ನು ಕೊಂದ ಹಾಗೆ ಎಂಬ ಭಯ ಹೋಗಲಿಲ್ಲ.

ಕೆಂಗೇರಿಯ ಸ್ಮಶಾನಕ್ಕೆ ಹೆಂಗಸರು ಬರಬಾರದು ಎಂದರೂ ಅಮ್ಮ ಬಂದಳು. ದರ್ಭೆಯ ಗೊಂಬೆಗೆ ಅಣ್ಣನ ಬಿಳಿ ಅಂಗಿ ತೊಡಿಸಿದ್ದರು. ಕೊಳ್ಳಿ ಹಿಡಿದು ನಿಂತೆ. ಪುರೋಹಿತರು ಎರಡು ಸಲ ಹೇಳಿದರು. ಕೈ ಬಗ್ಗಲಿಲ್ಲ.

"ಹಚ್ಚಪ್ಪ," ಎಂದಳು ಅಮ್ಮ. "ಅವ್ನು ಬಂದ್ರೆ ನಾನ್ ಹೇಳ್ಕೋತೀನಿ, ನಾನೇ ಹಚ್ಸಿದ್ದು ಅಂತ. ನನ್ನನ್ನೇ ಬೈಲಿ."

ಹಚ್ಚಿದೆ. ಹಿಂತಿರುಗಿ ನೋಡದೆ ಹೋಗಿ ಎಂದರು ಪುರೋಹಿತರು. ನಾಲ್ಕು ಹೆಜ್ಜೆ ಇಟ್ಟು ನೋಡಿಬಿಟ್ಟೆ. ಉರಿಯ ಝಳಕ್ಕೆ ಅಂಗಿಯ ಒಂದು ತೋಳು ಮೇಲೆದ್ದಿತ್ತು. ನಾನು ಅತ್ತ ಓಡಹೊರಟೆ. ಅಮ್ಮ ಎರಡೂ ಕೈಯಿಂದ ನನ್ನ ಮುಖ ಹಿಡಿದು ಈ ಕಡೆ ತಿರುಗಿಸಿಕೊಂಡಳು. ಅವಳೂ ನೋಡಿದ್ದಳು.