ಒಳಗೆ ಬಳಿಯದ ಪೆಟ್ಟಿಗೆಗಳು

ಅತ್ತೆಯ ಉಗುರುಗಳ ಸಂದಿಯಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದ, ಲಾರಿ ಇಂಜಿನ್ನಿನಿಂದ ಇಳಿಸಿದ ವೇಸ್ಟ್ ಆಯಿಲಿನ ಗೆರೆ. ಗೇಟಿನ ಕಂಬ, ಏಣಿ, ಮಂಚದ ಕಾಲು, ಎಲ್ಲಕ್ಕೂ ಅವರೇ ಬಳಿಯುತ್ತಿದ್ದರು. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಗೆದ್ದಲಿಗೆ ಎಲ್ಲರ ಮದ್ದೂ ಅದೇ. ನಂಗಲಿಯ ಗ್ಯಾರೇಜುಗಳಿಂದ ಕ್ಯಾನಿನಲ್ಲಿ ಬರುತ್ತಿತ್ತು. “ಮರಕ್ಕೆ ಎಣ್ಣೆ ಕುಡಿಸಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ” ಎನ್ನುತ್ತಿದ್ದರು.

ಅಮ್ಮ ಇಲ್ಲದ ನನ್ನ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ನನಗೆ ಹಾಲು ಸಾಲುತ್ತಿರಲಿಲ್ಲ, ಮಗಳು ತೂಕ ಹಿಡಿಯುತ್ತಿರಲಿಲ್ಲ. ಡಾಕ್ಟರು ಪುಡಿಹಾಲು ಹೇಳಿದರು. ಹಾಲು ಹೆಚ್ಚಿಸುತ್ತದೆಂದು ಅತ್ತೆ ನಂಬಿದ್ದು ಸಬ್ಬಸಿಗೆ ಸೊಪ್ಪನ್ನು. ಶ್ರೀನಿವಾಸಪುರದ ಮಂಡಿಯಲ್ಲಿದ್ದ ತಮ್ಮನಿಂದ ಮಾವಿನಹಣ್ಣಿನ ಹಳೆಯ ಪೆಟ್ಟಿಗೆ ತರಿಸಿ, ಮಣ್ಣು ತುಂಬಿ, ಹೆರಿಗೆಗೆ ಮೊದಲೇ ಬಿತ್ತಿದ್ದರು.

ನಾನು ಕೋಣೆಯಿಂದ ಹಿತ್ತಲಿಗೆ ಮೊದಲು ಬಂದದ್ದು ಮಗುವಿಗೆ ಎಳೆಬಿಸಿಲು ಕಾಯಿಸಲು. ಅತ್ತೆ ಮೊದಲ ಕೊಯ್ಲಿನ ಪಲ್ಯವನ್ನು ತಟ್ಟೆಯಲ್ಲಿಟ್ಟು ತಂದರು. ಆಗಲೇ ಗ್ಯಾರೇಜಿನ ವಾಸನೆ ಬಂತು. ಪೆಟ್ಟಿಗೆಗಳು ಕಪ್ಪಗೆ ಮಿರುಗುತ್ತಿದ್ದವು. ನೀರು ಹಾಕಿದ ಮಣ್ಣಿನ ಅಂಚಿನಲ್ಲಿ ಬಣ್ಣಬಣ್ಣದ ಜಿಡ್ಡು ತೇಲುತ್ತಿತ್ತು.

“ಅತ್ತೆ, ಒಳಗೂ ಬಳಿದಿದ್ದೀರಾ?”

“ಒಳಗೇ ತಾನೇ ಅಮ್ಮಾಯಿ ನೀರು ನಿಲ್ಲೋದು? ಬಳೀದೆ ಇದ್ದಿದ್ರೆ ಹಲಗೆ ಇಷ್ಟೊತ್ತಿಗೆ ಪುಡಿ ಆಗಿರ್ತಿತ್ತು.”

“ನಾನು ಇದನ್ನ ತಿನ್ನಲ್ಲ. ಆ ಆಯಿಲ್ ಮಣ್ಣಿಗಿಳಿಯತ್ತೆ, ಸೊಪ್ಪಿಗೆ ಬರತ್ತೆ. ಆಮೇಲೆ ನನ್ನಿಂದ ಮಗೂಗೆ.”

“ಇಡೀ ಊರೇ ಬಳೀತದೆ. ಯಾರು ಸತ್ತವ್ರೆ?”

“ಊರು ಬಾಗಿಲಿಗೆ ಬಳಿಯತ್ತೆ ಅತ್ತೆ, ತಟ್ಟೆಗಲ್ಲ.”

ಆಮೇಲೆ ನಮ್ಮಿಬ್ಬರಲ್ಲಿ ಯಾರೋ ಒಬ್ಬರು ‘ವಿಷ’ ಎಂದರು. “ನಾನೇನು ನಿಂಗೆ ವಿಷ ಇಕ್ತೀನಾ?” ಎಂದು ಅತ್ತೆಯೇ ಕೇಳಿದಂತೆ ನನಗೆ ನೆನಪು. ಅಲ್ಲೇ ಇದ್ದ ನನ್ನ ಗಂಡ, ಆ ಪದ ಮೊದಲು ಆಡಿದ್ದು ನಾನು ಎನ್ನುತ್ತಾರೆ. ಜಗಳಗಳ ವಿಷಯದಲ್ಲಿ ನನ್ನ ನೆನಪು ನನ್ನ ಪರವೇ ಸಾಕ್ಷಿ ಹೇಳುತ್ತದೆ, ಹಾಗಾಗಿ ಅದನ್ನು ಪೂರ್ತಿ ನಂಬುವುದಿಲ್ಲ.

ಅತ್ತೆ ಪಲ್ಯವನ್ನು ತಿಪ್ಪೆಗುಂಡಿಗೆ ಸುರಿದರು. ಮಾತು ನಿಂತಿತು. ಊಟ ಬಾಗಿಲ ಬಳಿ ಬಂದು ಕೂರುತ್ತಿತ್ತು. ಮಗು ಅತ್ತಾಗಲೆಲ್ಲ ನಾವಿಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ಹಾಲು ಬತ್ತಿಯೇ ಹೋಗುತ್ತದೆಂದು ನನಗೆ ಭಯ. ಅವರಿಗೂ ಅದೇ ಭಯವೆಂದು ಆಗ ತೋಚಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಸುತ್ತಿಗೆಯ ಸದ್ದು. ಹೋಗಿ ನೋಡಿದರೆ ಬೇರೆ ಪೆಟ್ಟಿಗೆಗಳು. ಹೊರಗೆ ಮಾತ್ರ ಅಗಸೆ ಎಣ್ಣೆ, ಒಳಗೆ ಬರೀ ಮರ. ಗೆದ್ದಲು ಹತ್ತದಿರಲಿ ಎಂದು ಕೆಳಗೆ ಕಲ್ಲಿಟ್ಟಿದ್ದರು. ಹಳೆಯವುಗಳಲ್ಲಿ ಕನಕಾಂಬರ ನೆಟ್ಟಿದ್ದರು.

“ಹೂವ ಯಾರೂ ತಿನ್ನಲ್ಲ,” ಎಂದರು, ನನಗೋ ಗಿಡಕ್ಕೋ.

“ಒಳಗೆ ಏನೂ ಬಳೀದಿದ್ರೆ ಬೇಗ ಹಾಳಾಗಲ್ವಾ ಅತ್ತೆ?”

“ಪೋನೀ ಬಿಡು. ಗೆದ್ದಲಿಗೂ ಹೊಟ್ಟೆ ಇದೆ.” ಮೊಳೆ ಹೊಡೆಯುತ್ತಲೇ ಮುಂದುವರಿಸಿದರು: “ನಂಗೆ ಮೊದಲ್ನೇ ಮಗೂಗೆ ಹಾಲೇ ಬರ್ಲಿಲ್ಲ ಅಮ್ಮಾಯಿ. ಅದು ಉಳೀಲಿಲ್ಲ.”

ಈ ಮಾತನ್ನು ಅಂದೇ ಹೇಳಿದರೋ, ಇನ್ನೊಂದು ದಿನವೋ? ತನಗಿಂತ ಮೊದಲು ಒಂದು ಮಗುವಿತ್ತೆಂಬುದೇ ನನ್ನ ಗಂಡನಿಗೆ ತಿಳಿದಿರಲಿಲ್ಲ. ಕೇಳಿ ಖಚಿತಪಡಿಸಿಕೊಳ್ಳಲು ಈಗ ಯಾರೂ ಇಲ್ಲ.

ಹೊಸ ಸೊಪ್ಪು ಬರುವವರೆಗೆ ಪುಡಿಹಾಲನ್ನು ಅವರೇ ಕಲಸಿ ಕುಡಿಸಿದರು. ಮಗಳು ತೂಕ ಹಿಡಿದಳು. ಅದರಿಂದಲೋ, ಆಮೇಲಿನ ಸಬ್ಬಸಿಗೆಯಿಂದಲೋ, ಇಬ್ಬರೂ ಚರ್ಚಿಸಲಿಲ್ಲ.

ಕಳೆದ ಚಳಿಗಾಲ ಅತ್ತೆ ಹೋದರು. ಕನಕಾಂಬರದ ಪೆಟ್ಟಿಗೆಗಳು ಇಂದಿಗೂ ಗಟ್ಟಿಯಾಗಿವೆ. ಸಬ್ಬಸಿಗೆಯವು ಮತ್ತೆ ಮತ್ತೆ ಕೊಳೆತು, ಮತ್ತೆ ಮತ್ತೆ ಹೊಸದಾದವು. ಮೊನ್ನೆ ಹೊಸ ಪೆಟ್ಟಿಗೆಗಳಿಗೆ ಎಣ್ಣೆ ಕೊಳ್ಳಲು ಹೋದಾಗ ಕೋಲಾರದ ಪೇಂಟ್ ಅಂಗಡಿಯವರು ವಾರ್ನಿಷ್ ಡಬ್ಬಿ ಮುಂದಿಟ್ಟು, “ಒಳಗೂ ಹೊರಗೂ ಹೊಡ್ಸಿ ಮೇಡಂ, ಹಲಗೆ ಅಲ್ಲಾಡಲ್ಲ,” ಎಂದರು.

“ಹೊರಗಷ್ಟೇ, ಅಗಸೆ ಎಣ್ಣೆ ಕೊಡಿ. ಒಳಗೆ ಏನೂ ಬೇಡ.”

“ಬೇಗ ಹಾಳಾಗ್ತದೆ.”

“ಹಾಳಾಗ್ಲಿ. ಗೆದ್ದಲಿಗೂ ಹೊಟ್ಟೆ ಇದೆ.”

ಅದು ಯಾರ ಮಾತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ.