ಹಾಡಿನ ಚೀಟಿಯಲ್ಲಿ ಕಾಣೆಯಾದವರ ಹೆಸರು

ಬೆಳಗಿನ ಐದೂವರೆ. ಹಳಿಯಾಳ ಪೇಟೆಯ ಅಂಗಡಿಗಳ ಹಲಗೆ ಇನ್ನೂ ತೆಗೆದಿಲ್ಲ. ಭತ್ತದ ಗಿರಣಿಯ ಕಡೆಯಿಂದ ಒಂದು ಕೈಗಾಡಿ ಕಿರುಗುಟ್ಟುತ್ತ ಬರುತ್ತದೆ. ಅದರಲ್ಲಿ ಗೋಣಿಚೀಲ ಹೊದಿಸಿದ ಎರಡು ದೊಡ್ಡ ಬ್ಯಾಟರಿಗಳಿವೆ. ತಳ್ಳುತ್ತಿರುವವರು ಮೂವತ್ತೆರಡು ವರ್ಷದ ಚಾಂದಬಿ. ಸೀರೆಯ ಮೇಲೆ ಗಂಡಸರ ಹಳೆಯ ಖಾಕಿ ಕೋಟು ತೊಟ್ಟಿದ್ದಾರೆ. ಕೋಟಿನ ಎದೆಯ ತುಂಬ ಆ್ಯಸಿಡ್ ತಿಂದ ಸಣ್ಣ ಸಣ್ಣ ತೂತುಗಳು.

"ಹಗುರಕ ಹಿಡೀಬೇಕ್ರಿ. ಒಳಗಿಂದು ತುಳುಕಿದ್ರ ಚರ್ಮ ಸುಡತೈತಿ" ಎನ್ನುತ್ತ ಒಬ್ಬರೇ ಎರಡನ್ನೂ ಇಳಿಸುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಸಹಾಯಕ್ಕೆ ಚಾಚಿದ ಕೈ ಹಾಗೇ ಉಳಿಯುತ್ತದೆ.

ಊರಿಗೆ ಇನ್ನೂ ವಿದ್ಯುತ್ ಬಂದಿಲ್ಲ. ಗಿರಣಿಯ ಎಂಜಿನ್ನಿನಿಂದ ರಾತ್ರಿಯೆಲ್ಲ ತುಂಬಿಸಿದ ಈ ಬ್ಯಾಟರಿಗಳೇ ಹಳಿಯಾಳದ ರೇಡಿಯೋ ಕೇಂದ್ರದ ಜೀವ. ಕೇಂದ್ರವೆಂದರೆ ಪೇಟೆ ಚಾವಡಿಯ ಹಿಂದಿನ ಒಂದು ಕೋಣೆ. ಅದರಲ್ಲಿ ಒಂದು ರೇಡಿಯೋ, ಒಂದು ಗ್ರಾಮಾಫೋನು, ಮಾತಾಡಲು ಒಂದು ಮೈಕು ಇವೆ. ಅಲ್ಲಿಂದ ಹೊರಟ ತಂತಿ ನಾಲ್ಕು ಕಡೆ ಕಂಬದ ಮೇಲಿನ ಧ್ವನಿವರ್ಧಕಗಳಿಗೆ ಹೋಗುತ್ತದೆ. ಊರವರು ಇವನ್ನು 'ಕರ್ಣಾ' ಎನ್ನುತ್ತಾರೆ. ಪೇಟೆಯಲ್ಲೊಂದು, ಮೋಟಾರು ನಿಲ್ಲುವಲ್ಲೊಂದು, ದೊಡ್ಡ ಬಾವಿಯ ಬಳಿ ಒಂದು, ದನದ ಸಂತೆಯಲ್ಲೊಂದು. ಬೆಳಿಗ್ಗೆ ಒಂದು ತಾಸು, ಸಂಜೆ ಎರಡು ತಾಸು ಅವು ಮಾತಾಡುತ್ತವೆ. ಗಾಳಿಗೆ ತಂತಿ ಹರಿದರೆ ಏಣಿ ಹತ್ತುವವರೂ ಚಾಂದಬಿಯೇ.

ಆರು ಗಂಟೆಗೆ ಅವರು ಮೈಕಿನ ಮುಂದೆ ಕೂರುತ್ತಾರೆ. "ನಮಸ್ಕಾರ, ಸಲಾಮ್. ಇದು ಹಳಿಯಾಳದ ವಿನೋದವಾಣಿ." ದನಿ ಶಾಂತವಾಗಿದೆ. ಆದರೆ ಮೇಜಿನ ಕೆಳಗೆ ಎಡಗೈ ಕೋಟಿನ ಗುಂಡಿಯನ್ನು ತಿರುವುತ್ತಲೇ ಇರುತ್ತದೆ. ಬಾಗಿಲ ಕಡೆ ಹೆಜ್ಜೆ ಸಪ್ಪಳವಾದರೆ ಕಣ್ಣು ಅತ್ತ ಹೊರಳುತ್ತದೆ. ಈ ಕೋಣೆಯಲ್ಲಿ ನಿಶ್ಚಿಂತೆಯಿಂದ ಕೂತದ್ದು ನೆನಪಿಲ್ಲ ಎನ್ನುತ್ತಾರೆ ಅವರು.

ವಿನೋದವಾಣಿ ಎಂಬುದು ಈ ಕೇಂದ್ರದ ಮೂರನೆಯ ಹೆಸರು. ನಲವತ್ತೊಂದರಲ್ಲಿ ತೆರೆದಾಗ ಬಾಗಿಲ ಮೇಲೆ 'ಯುದ್ಧವಾರ್ತಾ ಕೇಂದ್ರ' ಎಂದು ಬರೆದಿತ್ತು. ಆಗ ಹೊರಗಿನ ವಾರ್ತೆಯನ್ನು ಹಿಡಿದು ಊರಿಗೆ ಕೇಳಿಸುವುದಷ್ಟೇ ಕೆಲಸ. ಅದನ್ನು ನಡೆಸುತ್ತಿದ್ದವರು ಚಾಂದಬಿಯ ಗಂಡ ಮಜೀದ. ಅವರು ಸೈಕಲ್ಲಿನಿಂದ ಲಾರಿಯವರೆಗೆ ಏನನ್ನಾದರೂ ರಿಪೇರಿ ಮಾಡಬಲ್ಲ ಮೇಸ್ತ್ರಿ. ನಲವತ್ತೆರಡರಲ್ಲಿ ಸೈನ್ಯದ ಲಾರಿ ರಿಪೇರಿಗೆಂದು ಭರ್ತಿಯಾಗಿ ಹೋದರು. ಹೋಗುವ ಮೊದಲು ಹೆಂಡತಿಗೆ ಹದಿನೈದು ದಿನ ಬ್ಯಾಟರಿಯ ಕೆಲಸ ಕಲಿಸಿದರು. ಕೇಂದ್ರದ ಉಸ್ತುವಾರಿಯ ಕಮಿಟಿಯವರು 'ಮಜೀದ ಬರುವವರೆಗೆ' ಎಂದು ಬರೆದು ಚಾಂದಬಿಯನ್ನು ಇಟ್ಟುಕೊಂಡರು. ಅದೇ ಕಾಗದದ ಮೇಲೆ ಇಂದಿಗೂ ಕೆಲಸ ನಡೆದಿದೆ.

ಮರುವರ್ಷ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದು 'ಗ್ರಾಮವಾಣಿ' ಎಂದು ಬರೆಸಲಾಯಿತು. ವಾರ್ತೆ ಕಡಿಮೆಯಾಗಿ ಬೀಜ, ಗೊಬ್ಬರ, ಮಲೇರಿಯಾದ ಮಾತು ಬಂತು. ಆ ದಿನಗಳಲ್ಲಿ ಒಂದು ಸಂಜೆ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತಳು. ಎರಡು ಹರದಾರಿ ದೂರದ ಹಳ್ಳಿಯ ಕಾಶೆವ್ವ. ಮಗ ಕರಿಬಸಪ್ಪ ಯುದ್ಧಕ್ಕೆ ಹೋಗಿದ್ದ. ಅವನಿಗೆ ಅಕ್ಷರ ಬರುವುದಿಲ್ಲ, ಹಾಗಾಗಿ ಕಾಗದವೂ ಬರುವುದಿಲ್ಲ.

"ನಿನ್ನ ಪೆಟಿಗ್ಯಾಗ ಅವನ ಸುದ್ದಿ ಬರತೈತೇನ ತಂಗಿ?" ಎಂದು ಕೇಳಿದಳು.

ಪೆಟ್ಟಿಗೆಯಲ್ಲಿ ಬರಲಿಲ್ಲ. ಆದರೆ ಆ ವಾರ ಇನ್ನೊಬ್ಬ ಸಿಪಾಯಿಯ ಮನೆಯವರು ಕಾಗದ ಓದಿಸಿಕೊಳ್ಳಲು ಬಂದರು. ಚಾಂದಬಿಗೆ ಕನ್ನಡ, ಉರ್ದು ಎರಡೂ ಓದಲು ಬರುತ್ತದೆ. ಕಾಗದದ ಕೊನೆಯಲ್ಲಿ 'ನಮ್ಮ ಕಡೆಯ ಕರಿಬಸಪ್ಪ ನನ್ನ ಪಕ್ಕದ ಡೇರೆಯಲ್ಲಿದ್ದಾನೆ, ಸುಖವಾಗಿದ್ದಾನೆ' ಎಂದಿತ್ತು. ಅವರು ಮನೆಯವರ ಒಪ್ಪಿಗೆ ಕೇಳಿ ಆ ಸಾಲನ್ನು ಮೈಕಿನಲ್ಲಿ ಓದಿಬಿಟ್ಟರು.

"ಮಂದಿಗೆ ತಿಳೀತ್ರಿ, ಒಬ್ಬರ ಕಾಗದದಾಗ ಇನ್ನೊಬ್ಬರ ಸುದ್ದಿ ಇರತೈತಿ ಅಂತ. ಜೋಯಿಡಾದ ಕಡಿಯಿಂದ, ದಾಂಡೇಲಿ ಕಟ್ಟಿಗಿ ಡಿಪೋದಿಂದ ಕಾಗದ ತರಾಕ ಹತ್ತಿದ್ರು" ಎನ್ನುತ್ತಾರೆ. ಹೀಗೆ ದಿನಕ್ಕೆ ಅರ್ಧ ತಾಸಿನ 'ಓಲೆಯ ಹೊತ್ತು' ಶುರುವಾಯಿತು. ಎಷ್ಟು ಕಾಗದ ಓದಿರಬಹುದು ಎಂದರೆ ಸಾವಿರದ ಹತ್ತಿರ ಎನ್ನುತ್ತಾರೆ. ಸಾವಿನ ಕಾಗದ ಮಾತ್ರ ಮೈಕಿನಲ್ಲಿ ಓದುತ್ತಿರಲಿಲ್ಲ. ಅದನ್ನು ಹಿಡಿದು ಆ ಮನೆಗೆ ನಡೆದು ಹೋಗುತ್ತಿದ್ದರು.

ನಲವತ್ನಾಲ್ಕರ ಬೇಸಿಗೆಯ ನಂತರ ಕರಿಬಸಪ್ಪನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಮಜೀದರ ಕಾಗದವೂ ಅದೇ ಹೊತ್ತಿಗೆ ನಿಂತಿತು.

ಯುದ್ಧ ಮುಗಿಯಿತು. ಈ ವರ್ಷ, ನಲವತ್ತಾರರ ಏಪ್ರಿಲಿನಲ್ಲಿ, ಕಮಿಟಿಗೆ ಹೊಸ ಅಧ್ಯಕ್ಷರು ಬಂದರು, ಅರಿವೆ ವ್ಯಾಪಾರಿ ಅಂದಾನೆಪ್ಪ. ಬೋರ್ಡು ಬರೆಯುವ ಈಶಪ್ಪ ಮತ್ತೆ ಏಣಿ ಹತ್ತಿ 'ವಿನೋದವಾಣಿ' ಎಂದು ಕೆಂಪಕ್ಷರದಲ್ಲಿ ಬರೆದ. ಓಲೆಯ ಹೊತ್ತು ರದ್ದಾಯಿತು. ಅದರ ಬದಲು ಪ್ಲೇಟಿನ ಹಾಡುಗಳು, ನಡುನಡುವೆ ಅಂಗಡಿಗಳ ಜಾಹೀರಾತು. ಕೇಳುಗರು ಚೀಟಿ ಬರೆದುಕೊಟ್ಟರೆ ಅವರ ಹೆಸರು ಹೇಳಿ ಹಾಡು ಹಾಕಬೇಕು.

ಅಂದಾನೆಪ್ಪನವರು ಕೆಟ್ಟವರಲ್ಲ. ನನ್ನೊಡನೆ ನೇರವಾಗಿಯೇ ಮಾತಾಡಿದರು. "ಕೇಂದ್ರ ನಡಿಯೂದು ಅಂಗಡಿಕಾರರ ಮ್ಯಾಲ. ಸಂತಿಗೆ ಬಂದ ಮಂದಿ ಕರ್ಣಾದ ಬುಡಕ ಅಳಕೋತ ನಿಂತ್ರ ನಮ್ಮ ಅಂಗಡಿ ಮೆಟ್ಟಲಾ ಯಾರು ಹತ್ತತಾರ್ರೀ? ನಾಕು ವರ್ಷ ಅತ್ತಾರ. ಇನ್ನ ನಗಲಿ ಅಂದೆ."

ಚಾಂದಬಿ ಒಂದು ತಿಂಗಳು ಹೇಳಿದಂತೆ ಹಾಡು ಹಾಕಿದರು. ಆದರೆ ಕಾಯುವವರು ಬರುವುದು ನಿಲ್ಲಲಿಲ್ಲ. ಕೊನೆಗೆ ಕಾಶೆವ್ವನ ಹೆಸರಿನಲ್ಲಿ ತಾವೇ ಒಂದು ಚೀಟಿ ಬರೆದು ಓದಿದರು: "ಈ ಹಾಡು ಕೇಳಿದವರು ಕಾಶೆವ್ವ. ಮಗ ಕರಿಬಸಪ್ಪನ ನೆನಪಿಗೆ ಕೇಳಿದ್ದಾರೆ. ಇಪ್ಪತ್ತಾರು ವರ್ಷ, ಹಣೆಯ ಎಡಕ್ಕೆ ಗಾಯದ ಗುರುತು. ಅವನನ್ನು ಕಂಡವರೂ ಈ ಹಾಡು ಕೇಳಲಿ." ಆಮೇಲೆ ಹಾಡು. ಸುದ್ದಿ ಹರಡಿ ಎಂಟು ಮನೆಗಳವರು ಬಂದರು, ಹಾಡಿನ ಚೀಟಿಯಲ್ಲಿ ಎಂಟು ಹೆಸರು ಸೇರಿದವು.

ಆಗಸ್ಟಿನಲ್ಲಿ ಅಧ್ಯಕ್ಷರ ಕಿವಿಗೆ ಬಿತ್ತು. "ನೋಡವಾ ಚಾಂದಬಿ, ಇನ್ನೊಮ್ಮಿ ಇಂಥಾ ಚೀಟಿ ಕೇಳಿದೆ ಅಂದ್ರ ಕೀಲಿಕೈ ಇಟ್ಟು ಹೋಗಬೇಕಾಗತೈತಿ" ಎಂದು ಕರೆಸಿ ಹೇಳಿದರು.

"ಅಂಜಿಕಿ ಬಂತ್ರಿ. ಈ ಕೆಲಸ ಹೋದ್ರ ಬದುಕು ಹೆಂಗರ ಮಾಡ್ತೇನಿ. ಆದ್ರ ನಮ್ಮ ಮನಿಯವರು ತಿರುಗಿ ಬಂದಾಗ, ನನ್ನ ಜಾಗಾ ಎಲ್ಲಿ ಅಂತ ಕೇಳಿದ್ರ ಏನ್ ಹೇಳ್ಲಿ?" ಎನ್ನುತ್ತಾರೆ ಚಾಂದಬಿ. ಒಂಬತ್ತು ದಿನ ಬರೀ ಹಾಡು. ಒಂಬತ್ತನೆಯದು ಸಂತೆಯ ದಿನ. ಕಾಶೆವ್ವ ಬೆಳಗಿನಿಂದ ಸಂಜೆಯವರೆಗೆ ಕಂಬದ ಕೆಳಗೆ ನಿಂತಿದ್ದಳು. ಒಳಗೆ ಬರಲಿಲ್ಲ, ಏನೂ ಕೇಳಲಿಲ್ಲ. ಕತ್ತಲಾಗುವ ಮೊದಲು ತನ್ನ ಊರ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ಚಾಂದಬಿ ಆ ಚೀಟಿಯನ್ನು ಮತ್ತೆ ಓದಿದರು.

ಹಾಡು ಮುಗಿಯುವ ಮೊದಲೇ ಯಾರೋ ಬಾಗಿಲು ಬಡಿದರು. ಕಮಿಟಿಯವರು ಬಂದರೆಂದು ಚಾಂದಬಿ ಚೀಟಿಯನ್ನು ಕೋಟಿನ ಜೇಬಿಗೆ ತುರುಕಿದರು. ಬಂದಿದ್ದವರು ಮಲಿಕಸಾಬ, ಗೋವೆಯ ಗಡಿಯ ಅನಮೋಡದಿಂದ ಕಟ್ಟಿಗೆ ತರುವ ಲಾರಿಯ ಡ್ರೈವರ್.

"ಆ ಹೆಸರು ಇನ್ನೊಮ್ಮಿ ಹೇಳ್ರಿ ಬೆಹೆನ್" ಎಂದರು. ಹೇಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಅನಮೋಡ ನಾಕಾದಾಗ ಲಾರಿ ಬಿಡಾಕ ಅಡ್ಡಗಳಾ ಎತ್ತಾಂವ ಒಬ್ಬ ಅದಾನ. ಒಂದ ಕೈ ಇಲ್ಲ. ಹಣಿ ಮ್ಯಾಲ ಗುರುತೈತಿ. ಕರಿಬಸಪ್ಪ ಅಂತಾರ."

ಹಳ್ಳಿಗೆ ಸುದ್ದಿ ಮುಟ್ಟಿಸಿ ಕರೆಸಿದ ಮೇಲೆ ಅದೇ ಮಧ್ಯಾಹ್ನ ಕಾಶೆವ್ವ ಆ ಲಾರಿ ಹತ್ತಿ ಹೋದಳು. ಎರಡು ದಿನ ಸುದ್ದಿಯಿಲ್ಲ. "ಆ ಎರಡು ದಿನ ಅನ್ನ ಇಳೀಲಿಲ್ರಿ. ಆ ಮನಷ್ಯಾ ಬ್ಯಾರೆಯವ ಆಗಿದ್ರ ಮುದುಕಿ ಉಳೀತಿರಲಿಲ್ಲ. ಯಾಕರ ಓದಿದ್ನೋ ಅನಿಸಿತ್ತು."

ಮೂರನೆಯ ದಿನ ಅಂದಾನೆಪ್ಪನವರು ಕಮಿಟಿ ಕೂಡಿಸಿದರು. ಚಾಂದಬಿ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. ಆಗಲೇ ಹೊರಗೆ ಲಾರಿ ನಿಂತಿತು. ಮೊದಲು ಕಾಶೆವ್ವ ಇಳಿದಳು, ಅವಳ ಹಿಂದೆ ಎಡ ತೋಳಿನ ಜಾಗದಲ್ಲಿ ಬರಿಯ ಅಂಗಿತೋಳು ಜೋಲುತ್ತಿದ್ದ ಗಂಡಸು. ಬರ್ಮಾದ ಗಡಿಯಲ್ಲಿ ಕೈ ಕಳೆದುಕೊಂಡು, ಆಸ್ಪತ್ರೆಯಿಂದ ಬಿಡುಗಡೆಯಾಗಿ, ಮನೆಗೆ ಹೋಗಲಾರದೆ ಒಂದೂವರೆ ವರ್ಷ ಅನಮೋಡದ ನಾಕಾದಲ್ಲಿ ಕಳೆದವನು.

ಯಾಕೆ ಮನೆಗೆ ಬರಲಿಲ್ಲವೆಂದು ಅಧ್ಯಕ್ಷರೇ ಕೇಳಿದರಂತೆ.

"ಒಂದ ಕೈಲೆ ನೇಗಿಲಾ ಹಿಡ್ಯಾಕ ಬರೂದಿಲ್ರಿ. ಅವ್ವಗ ಭಾರ ಆಗ್ತೇನಿ ಅನಿಸ್ತು. ಸತ್ತೇನಿ ಅಂತ ತಿಳಕೊಂಡು ಸುಮ್ಮನ ಆಗಿರ್ತಾಳ ಅಂದ್ಕೊಂಡಿದ್ದೆ" ಎಂದನಂತೆ ಕರಿಬಸಪ್ಪ. "ಸುಮ್ಮನ ಆಗಿಲ್ಲ ಅಂತ ಅವ್ವ ಲಾರಿಯಿಂದ ಇಳಿದ ಮ್ಯಾಲ ತಿಳೀತು."

ಅಂದಾನೆಪ್ಪನವರು ಕೀಲಿಕೈಯನ್ನು ಚಾಂದಬಿಯ ಕಡೆ ಸರಿಸಿದರು. "ದಿನಕ್ಕ ಎರಡ ಚೀಟಿ. ಹಾಡು ಮೊದಲ, ಚೀಟಿ ಆಮ್ಯಾಲ. ಹೆಸರು ವಿನೋದವಾಣಿನ ಇರ್ಲಿ."

ಕರಿಬಸಪ್ಪ ಈಗ ಊರಲ್ಲೇ ಇದ್ದಾನೆ, ದನ ನೋಡಿಕೊಳ್ಳುತ್ತಾನೆ. ಎರಡು ತಿಂಗಳಲ್ಲಿ ಇನ್ನೊಬ್ಬನ ಸುಳಿವು ಸಿಕ್ಕಿದೆ, ಪುಣೆಯ ಕಡೆ. ಉಳಿದವರದು ಸಿಕ್ಕಿಲ್ಲ. ಮುಂಡಗೋಡದಿಂದಲೂ ಈಗ ಚೀಟಿಗಳು ಬರುತ್ತಿವೆ.

ಆದರೂ ಚಾಂದಬಿಯ ಕಣ್ಣು ಬಾಗಿಲಿನಿಂದ ಕದಲುವುದಿಲ್ಲ. ಜನವರಿಗೆ ಕಮಿಟಿ ಮತ್ತೆ ಬದಲಾಗುತ್ತದೆ, ಹೊಸ ಹೆಸರು ಬರುತ್ತದೆ ಎಂಬ ಮಾತು ಪೇಟೆಯಲ್ಲಿದೆ. "ಯಾವ ಹೆಸರರ ಇಡ್ಲಿ. ಹಾಡು ಹಾಕಂದ್ರ ಹಾಡು, ಬೀಜದ ಮಾತು ಅಂದ್ರ ಬೀಜದ ಮಾತು. ಎರಡ ನಿಮಿಷ ಬಿಟ್ಟುಕೊಟ್ರ ಸಾಕ್ರಿ" ಎನ್ನುತ್ತಾರೆ. ಆ ಎರಡು ನಿಮಿಷವನ್ನು ಹೊಸಬರು ಬಿಟ್ಟುಕೊಡುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಏಳು ಗಂಟೆಗೆ ಬೆಳಗಿನ ಪ್ರಸಾರ ಮುಗಿಯುತ್ತದೆ. ಅವರು ಪ್ಲೇಟುಗಳನ್ನು ಒರೆಸಿ ಇಡುವಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಡುತ್ತೇನೆ: ಇಷ್ಟು ಜನರ ಹೆಸರು ಓದಿದಿರಿ, ಮಜೀದರ ಹೆಸರನ್ನು ಯಾಕೆ ಒಮ್ಮೆಯೂ ಓದಲಿಲ್ಲ?

ಚಾಂದಬಿ ಮೇಜಿನ ಖಾನೆ ಎಳೆದು ದಾರದಲ್ಲಿ ಪೋಣಿಸಿದ ಚೀಟಿಗಳ ಕಟ್ಟನ್ನು ತೋರಿಸುತ್ತಾರೆ. ಬಂದ ಕ್ರಮದಲ್ಲೇ ಪೋಣಿಸಿದ್ದಾರೆ.

"ನಂದೂ ಬರದಿಟ್ಟೇನ್ರಿ, ಇದರಾಗ ಐತಿ. ಇನ್ನೂ ಹನ್ನೊಂದು ಮಂದಿ ಮುಂದ ಅದಾರ. ನನ್ನ ಸರದಿ ಬಂದ ದಿನ ಓದ್ತೇನಿ."